ಅಂಗಳದ ಎರಡನೆಯ ಸೈಕಲ್: ಎಳೆಯ ಮಗುವಿನೊಡನೆ ಸವಾರಿಗೆ ಯಾವುದು ಹೊಂದುತ್ತದೆ?

ಹಾಸನೂರಿನಲ್ಲಿ ‘ಬೈಕ್’ ಎಂದರೆ ಮೋಟಾರು ಬೈಕೇ. ಕೆಲಸಕ್ಕೆ, ಸಂತೆಗೆ, ಆಸ್ಪತ್ರೆಗೆ ಅದೇ ವಾಹನ. ಮನೆಯಲ್ಲಿ ಸೈಕಲ್ ಒಂದಿದ್ದರೆ ಅದೂ ದುಡಿಯುವ ಸೈಕಲ್ಲೇ. ಹಾಲಿನ ಕ್ಯಾನು, ಹುಲ್ಲಿನ ಹೊರೆ, ನೀರಿನ ಕೊಡ ಅದರ ಪಾಲಿಗೆ ಬಂದಿರುತ್ತವೆ. ಈಚೆಗೆ ಶಾಲೆ ಬಿಡುವ ಹೊತ್ತಿನಲ್ಲಿ ನಮ್ಮನ್ನು ಕಾಣುವ ಕೆಲವು ಪೋಷಕರು ಬೇರೊಂದು ಪ್ರಶ್ನೆ ಕೇಳತೊಡಗಿದ್ದಾರೆ: “ಮೇಷ್ಟ್ರೇ, ಚಿಕ್ಕದು ಸೈಕಲ್ ಬೇಕು ಅಂತ ಹಟ ಮಾಡ್ತದೆ. ಅದಕ್ಕೊಂದು ತೆಗೆದುಕೊಡೋದೋ, ಅಥವಾ ನಾವೇ ಕೂರಿಸಿಕೊಂಡು ಓಡಾಡೋಕೆ ಒಂದು ಇಟ್ಟುಕೊಳ್ಳೋದೋ?”

ಇದು ಸಣ್ಣ ಪ್ರಶ್ನೆಯಂತೆ ಕಂಡರೂ ಅಷ್ಟು ಸಣ್ಣದಲ್ಲ. ಎರಡರಿಂದ ಏಳು ವರ್ಷದ ಮಗುವಿನೊಡನೆ ದಿನಕ್ಕೆ ಅರ್ಧ ಗಂಟೆ ಆಡಲೆಂದೇ ಮನೆಯಲ್ಲಿ ಇರಿಸಿಕೊಳ್ಳುವ ಹೆಚ್ಚುವರಿ ಸೈಕಲ್ ಹೇಗಿರಬೇಕು, ಅದನ್ನು ಎಲ್ಲಿ ಹುಡುಕಬೇಕು, ಯಾವ ಹೊತ್ತಿನಲ್ಲಿ ಓಡಿಸಬೇಕು ಎಂಬುದನ್ನು ನಾವು ತಿಳಿದಷ್ಟು ಇಲ್ಲಿ ವಿವರಿಸುತ್ತೇವೆ.

ಮೊದಲು ಅಂಗಳದತ್ತ ನೋಡೋಣ

ಹೊಸದನ್ನು ಕೊಳ್ಳುವ ಮುನ್ನ ಮನೆಯ ಗೋಡೆಗೆ ಒರಗಿ ನಿಂತಿರುವುದನ್ನು ಗಮನಿಸಬೇಕು. ತಮಿಳುನಾಡಿನಲ್ಲಿ 2001-02ರಲ್ಲಿ ಪರಿಶಿಷ್ಟ ಜಾತಿ ಮತ್ತು ಪಂಗಡಗಳ ವಿದ್ಯಾರ್ಥಿನಿಯರಿಗೆಂದು ಆರಂಭವಾದ ಉಚಿತ ಸೈಕಲ್ ಯೋಜನೆ ಮುಂದೆ ಸರ್ಕಾರಿ ಮತ್ತು ಅನುದಾನಿತ ಶಾಲೆಗಳ ಹನ್ನೊಂದನೆಯ ತರಗತಿಯ ಎಲ್ಲ ವಿದ್ಯಾರ್ಥಿಗಳಿಗೆ ವಿಸ್ತರಿಸಿತು. ಗಡಿಯಾಚೆ ಕರ್ನಾಟಕದಲ್ಲಿ 2006-07ರಿಂದ ಎಂಟನೆಯ ತರಗತಿಯವರಿಗೆ ಸೈಕಲ್ ಹಂಚಲಾಯಿತು. ಹೀಗಾಗಿ ನಮ್ಮ ಕಡೆಯ ಅನೇಕ ಮನೆಗಳಲ್ಲಿ, ಚಾಮರಾಜನಗರ ಕಡೆಯ ನೆಂಟರ ಮನೆಗಳಲ್ಲಿಯೂ ಅಕ್ಕನದೋ ಅಣ್ಣನದೋ ಸೈಕಲ್ ಉಳಿದಿರುತ್ತದೆ. ಅವರು ಓದಿಗೋ ದುಡಿಮೆಗೋ ಪಟ್ಟಣ ಸೇರಿದ ಮೇಲೆ ಸೈಕಲ್ ತುಕ್ಕು ಹಿಡಿಯುತ್ತದೆ, ಟೈರು ಬಿರಿಯುತ್ತದೆ, ಕೊನೆಗೆ ಗುಜರಿಗೆ ಹೋಗುತ್ತದೆ.

ಸರ್ಕಾರದ ಸೈಕಲ್ ಮಗುವಿನ ಕೈಗೆ ಬರುವುದು ಹದಿನೈದು ಹದಿನಾರರ ವಯಸ್ಸಿನಲ್ಲಿ. ಐದು ವರ್ಷದ ಮಗುವಿಗೆ ಸೈಕಲ್ ಕೊಡುವ ಯೋಜನೆ ಯಾವ ಸರ್ಕಾರದಲ್ಲಿಯೂ ಇಲ್ಲ. ಅದನ್ನು ಮನೆಯೇ ಮಾಡಿಕೊಳ್ಳಬೇಕು. ಅಕ್ಕನ ಹಳೆಯ ಸೈಕಲ್ಲಿಗೆ ಟೈರು, ಟ್ಯೂಬು, ಬ್ರೇಕಿನ ರಬ್ಬರು, ಚೈನಿಗೆ ಎಣ್ಣೆ ಇಷ್ಟು ಒದಗಿಸಿದರೆ ಅದು ತಾಯಿಗೋ ತಂದೆಗೋ ಮಗುವಿನೊಡನೆ ಓಡಾಡಲು ತಕ್ಕ ಎರಡನೆಯ ಸೈಕಲ್ ಆಗಬಲ್ಲದು. ಹುಡುಗಿಯರಿಗೆ ಕೊಟ್ಟ ಸೈಕಲ್ಲಿಗೆ ಅಡ್ಡಪಟ್ಟಿ ಇರುವುದಿಲ್ಲವಾದ್ದರಿಂದ ಸೀರೆ ಉಟ್ಟವರೂ ಪಂಚೆ ಉಟ್ಟವರೂ ಸುಲಭವಾಗಿ ಹತ್ತಿ ಇಳಿಯಬಹುದು. ಹಿಂದೆ ಮಗು ಕುಳಿತಿರುವಾಗ ಕಾಲನ್ನು ಹಿಂದಿನಿಂದ ಬೀಸಿ ಹತ್ತುವಂತಿಲ್ಲ. ಆದ್ದರಿಂದ ತಗ್ಗಿದ ಚೌಕಟ್ಟು ಇಲ್ಲಿ ಅನುಕೂಲ ಮಾತ್ರವಲ್ಲ, ಅಗತ್ಯವೂ ಹೌದು.

ಪುದುಕೋಟೆಯ ತಾಯಂದಿರು

ಮಗುವನ್ನು ಸೈಕಲ್ಲಿನಲ್ಲಿ ಕೂರಿಸಿಕೊಳ್ಳುವ ಮಾತು ಬಂದಾಗ ನಮ್ಮ ರಾಜ್ಯದ ಪುದುಕೋಟೆ ಜಿಲ್ಲೆಯನ್ನು ನೆನೆಯದಿರಲಾಗದು. 1991ರಲ್ಲಿ ಅಲ್ಲಿ ಜಿಲ್ಲಾಧಿಕಾರಿಯಾಗಿದ್ದ ಶೀಲಾ ರಾಣಿ ಚುಂಕತ್ ಅವರು ಸಾಕ್ಷರತಾ ಆಂದೋಲನದೊಡನೆ ಮಹಿಳೆಯರಿಗೆ ಸೈಕಲ್ ಕಲಿಸುವ ಕಾರ್ಯವನ್ನೂ ಸೇರಿಸಿದರು. 1992ರಲ್ಲಿ ಎಪ್ಪತ್ತು ಸಾವಿರಕ್ಕೂ ಹೆಚ್ಚು ಮಹಿಳೆಯರು ಸಾರ್ವಜನಿಕವಾಗಿ ಸೈಕಲ್ ತುಳಿದು ತೋರಿಸಿದರು. ಅಲ್ಲಿಂದ ವರದಿ ಮಾಡಿದ ಪತ್ರಕರ್ತ ಪಿ. ಸಾಯಿನಾಥ್ ಅವರು ಒಂದು ಸೂಕ್ಷ್ಮ ಸಂಗತಿಯನ್ನು ಗುರುತಿಸಿದ್ದಾರೆ. ಹೆಂಗಸರ ಸೈಕಲ್ ಸಿಗದಿದ್ದಾಗ ಅಲ್ಲಿನ ಮಹಿಳೆಯರು ಗಂಡಸರ ಸೈಕಲ್ಲನ್ನೇ ಆರಿಸಿಕೊಂಡರು. ಕೆಲವರಿಗೆ ಅದೇ ಮೆಚ್ಚಾಯಿತು. ಸೀಟಿನಿಂದ ಹ್ಯಾಂಡಲ್ಲಿನವರೆಗಿನ ಅಡ್ಡಪಟ್ಟಿಯ ಮೇಲೆ ಮಗುವನ್ನು ಕೂರಿಸಬಹುದೆಂಬುದೇ ಅದಕ್ಕೆ ಕಾರಣ.

ಆ ತಾಯಂದಿರು ತಮ್ಮ ಬದುಕಿಗೆ ತಕ್ಕ ಸೈಕಲ್ ಯಾವುದೆಂದು ತಾವೇ ನಿರ್ಧರಿಸಿದರು. ಮಗು ಕಣ್ಣೆದುರಿಗೆ, ತೋಳುಗಳ ನಡುವೆ ಇರಬೇಕೆಂಬ ಅವರ ಎಣಿಕೆ ಸರಿಯಾದದ್ದೇ. ಆದರೆ ಬರಿಯ ಅಡ್ಡಪಟ್ಟಿಯ ಮೇಲೆ ಮಗುವಿನ ಕಾಲಿಗೆ ಆಸರೆಯಿಲ್ಲ. ತೂಗಾಡುವ ಪಾದ ಮುಂದಿನ ಚಕ್ರದ ಕಡ್ಡಿಗಳಿಗೆ ಗೇಣು ದೂರದಲ್ಲಿರುತ್ತದೆ. ಇಂದು ಅದೇ ಸ್ಥಳದಲ್ಲಿ ಪಾದದಾನಿ ಇರುವ ಚಿಕ್ಕ ಸೀಟನ್ನು ಸ್ಕ್ರೂ ಹಾಕಿ ಕೂರಿಸಲು ಸಾಧ್ಯವಿದೆ. ಅವರ ಎಣಿಕೆಯನ್ನು ಉಳಿಸಿಕೊಂಡು ಅಪಾಯವನ್ನು ಮಾತ್ರ ಕಳೆಯುವುದು ಜಾಣತನ.

ಹಿಮ್ಮಡಿಯ ಪಾಠ

ಈ ಅಪಾಯವನ್ನು ನಾವು ಪುಸ್ತಕದಿಂದ ಕಲಿಯಲಿಲ್ಲ. ನಮ್ಮ ಮಗುವಿಗೆ ನಾಲ್ಕು ತುಂಬಿದ್ದಾಗ ಹಿಂದಿನ ಕ್ಯಾರಿಯರಿನ ಮೇಲೆ ಮಡಿಸಿದ ಗೋಣಿಚೀಲ ಹಾಕಿ ಕೂರಿಸಿಕೊಂಡು ಊರೊಳಗೆ ಒಂದು ಸುತ್ತು ಹೊರಟಿದ್ದೆವು. ನೂರು ಹೆಜ್ಜೆ ಹೋಗುವುದರೊಳಗೆ ಮಗು ಚೀರಿತು. ನಿದ್ದೆಗಣ್ಣಿನಲ್ಲಿ ಕಾಲು ಒಳಕ್ಕೆ ಜಾರಿ ಹಿಮ್ಮಡಿ ಕಡ್ಡಿಗಳ ನಡುವೆ ಸಿಕ್ಕಿತ್ತು. ಮೂಳೆ ಉಳಿಯಿತು, ಚರ್ಮ ಕಿತ್ತುಬಂತು. ಗಾಯ ಮಾಯಲು ಮೂರು ವಾರ ಬೇಕಾಯಿತು. ಸೈಕಲ್ಲಿನ ಮೇಲಿನ ಭಯ ಮಾಯಲು ಅದಕ್ಕಿಂತ ಹೆಚ್ಚು ದಿನ ಹಿಡಿಯಿತು. ತಪ್ಪು ಮಗುವಿನದಲ್ಲ, ನಮ್ಮದೇ.

ಅಂದಿನಿಂದ ಪೋಷಕರಿಗೆ ನಾವು ಹೇಳುವ ಮೊದಲ ಮಾತು ಇದು: ಬಣ್ಣ, ಗೇರು, ಬೆಲೆ ಎಲ್ಲಕ್ಕೂ ಮೊದಲು ಮಗುವಿನ ಪಾದ ಎಲ್ಲಿರುತ್ತದೆ ಎಂದು ನೋಡಿ. ಹಿಂದೆ ಕೂರಿಸುವುದಾದರೆ ಬೆನ್ನಿಗೆ ಆಸರೆ, ಸೊಂಟಕ್ಕೆ ಮತ್ತು ಹೆಗಲಿಗೆ ಪಟ್ಟಿ, ಪಾದಕ್ಕೆ ತೊಟ್ಟಿಯಂಥ ಆವರಣ ಇರುವ ಸೀಟು ಬೇಕು. ಅದರ ಜೊತೆಗೆ ಹಿಂದಿನ ಚಕ್ರದ ಎರಡು ಬದಿಗೂ ಸೀರೆ ಸಿಕ್ಕದಂತೆ ಹಾಕುವ ಜಾಲರಿಯನ್ನು ಹಾಕಿಸಬೇಕು. ಸೀರೆಗಾಗಿ ಬಂದ ಜಾಲರಿ ಹಿಮ್ಮಡಿಯನ್ನೂ ಕಾಯುತ್ತದೆ.

ಯುರೋಪಿನ ಮಾನದಂಡದಂತೆ ಮಕ್ಕಳ ಸೈಕಲ್ ಸೀಟುಗಳು 9 ಕಿಲೋ ತೂಕದಿಂದ ಆರಂಭವಾಗುತ್ತವೆ. ಸವಾರರ ಮುಂದೆ ಕೂರಿಸುವ ಸೀಟಿನ ಮಿತಿ 15 ಕಿಲೋ, ಹಿಂದಿನ ಸೀಟಿನದು 22 ಕಿಲೋ. ನಮ್ಮ ಸೀಟು ಎಲ್ಲಿಯೇ ತಯಾರಾಗಿರಲಿ, ಈ ಅಂಕಿಗಳು ಒಳ್ಳೆಯ ಅಳತೆಗೋಲು. ವರ್ಷ ತುಂಬದ, ಕತ್ತು ನಿಲ್ಲಿಸಿ ತಾನೇ ಭದ್ರವಾಗಿ ಕೂರಲಾರದ ಕೂಸನ್ನು ಯಾವ ಸೀಟಿನಲ್ಲಿಯೂ ಕೂರಿಸಬಾರದು.

ತಲೆಯ ವಿಷಯ. ದ್ವಿಚಕ್ರ ಮೋಟಾರು ವಾಹನದಲ್ಲಿ ನಾಲ್ಕು ವರ್ಷದೊಳಗಿನ ಮಗುವನ್ನು ಒಯ್ಯುವಾಗ ಹೆಲ್ಮೆಟ್ ಮತ್ತು ಸುರಕ್ಷತಾ ಪಟ್ಟಿ ಇರಬೇಕು, ವೇಗ ಗಂಟೆಗೆ 40 ಕಿ.ಮೀ. ಮೀರಬಾರದು ಎಂಬ ಕೇಂದ್ರ ನಿಯಮ 2023ರ ಫೆಬ್ರವರಿ 15ರಿಂದ ಜಾರಿಯಲ್ಲಿದೆ. ಆ ನಿಯಮ ಮೋಟಾರು ವಾಹನಕ್ಕೆ ಸೇರಿದ್ದು. ಸೈಕಲ್ಲಿಗೆ ನಿಯಮವನ್ನು ಮನೆಯವರೇ ಮಾಡಿಕೊಳ್ಳಬೇಕು. ಹುಬ್ಬಿನಿಂದ ಎರಡು ಬೆರಳು ಮೇಲೆ ಕೂರುವ, ಗಲ್ಲದ ಕೆಳಗೆ ಪಟ್ಟಿ ಬಿಗಿಯುವ ಹಗುರ ಸೈಕಲ್ ಹೆಲ್ಮೆಟ್ ಸಾಕು. ದೊಡ್ಡವರ ಮೋಟಾರು ಹೆಲ್ಮೆಟ್ಟನ್ನು ಮಗುವಿನ ತಲೆಗೆ ಕವುಚುವುದು ಬೇಡ. ಅದರ ಭಾರವೇ ಎಳೆಯ ಕತ್ತಿಗೆ ಹೊರೆ.

ದೊಡ್ಡವರ ಸೈಕಲ್ ಆರಿಸುವ ಬಗೆ

ಮಗುವಿಗಾಗಿ ಸೈಕಲ್ ಎಂದೊಡನೆ ನಾವು ಮಗು ಕೂರುವ ಸ್ಥಳವನ್ನು ಮಾತ್ರ ಯೋಚಿಸುತ್ತೇವೆ. ವಾಸ್ತವದಲ್ಲಿ ಮಗುವಿನ ಕ್ಷೇಮ ದೊಡ್ಡವರ ಕಾಲು ನೆಲಕ್ಕೆ ಮುಟ್ಟುತ್ತದೆಯೇ ಎಂಬುದರ ಮೇಲೆ ನಿಂತಿದೆ. ಇಂಥ ಸೈಕಲ್ ಬೀಳುವುದು ಹೆಚ್ಚಾಗಿ ಓಡುವಾಗಲ್ಲ, ನಿಲ್ಲಿಸುವಾಗ. ಸೀಟಿನ ಮೇಲೆ ಕುಳಿತಂತೆಯೇ ಎರಡು ಪಾದಗಳೂ ಪೂರ್ತಿಯಾಗಿ ನೆಲಕ್ಕೆ ಊರಬೇಕು. ದೂರ ತುಳಿಯುವವರಿಗೆ ಇಷ್ಟು ತಗ್ಗಿದ ಸೀಟು ಮಂಡಿ ನೋಯಿಸುತ್ತದೆ, ಆದರೆ ನಮ್ಮ ಗುರಿ ದೂರವಲ್ಲ. ಆಟದ ಸೈಕಲ್ಲಿಗೂ ದುಡಿಮೆಯ ಸೈಕಲ್ಲಿಗೂ ಇರುವ ಮುಖ್ಯ ವ್ಯತ್ಯಾಸ ಇದೇ.

ಹೊಸದನ್ನೇ ಕೊಳ್ಳುವುದಾದರೆ 20 ಇಂಚಿನ ಚಿಕ್ಕ ಚಕ್ರದ, ದೊಡ್ಡವರು ತುಳಿಯುವ ಸೈಕಲ್ಲನ್ನೂ ನೋಡಬಹುದು. ಇದರ ಲೆಕ್ಕ ಸರಳ. ಹಳೆಯ 28 ಇಂಚಿನ ಚಕ್ರ ಒಂದು ಸುತ್ತಿಗೆ ಸುಮಾರು 2.2 ಮೀಟರು ಸಾಗುತ್ತದೆ. 20 ಇಂಚಿನದು ಸುಮಾರು 1.6 ಮೀಟರು. ಮುಂದಿನ ಹಲ್ಲುಚಕ್ರದಲ್ಲಿ 44 ಹಲ್ಲು, ಹಿಂದಿನದರಲ್ಲಿ 18 ಹಲ್ಲು ಇದ್ದರೆ ಪೆಡಲಿನ ಒಂದು ಸುತ್ತಿಗೆ ದೊಡ್ಡ ಚಕ್ರದ ಸೈಕಲ್ 5.4 ಮೀಟರು ಹೋಗುತ್ತದೆ, ಚಿಕ್ಕದು 3.9 ಮೀಟರು. ಅಂದರೆ ಚಿಕ್ಕ ಚಕ್ರದ್ದು ನಿಧಾನ, ಆದರೆ ಏರಿನಲ್ಲಿ ಹಗುರ. ಏರುತಗ್ಗಿನ ಹಾಸನೂರಿನಲ್ಲಿ, ಹಿಂದೆ ಹದಿನೈದು ಕಿಲೋ ಮಗುವಿರುವಾಗ, ಗೇರಿಲ್ಲದೆಯೇ ಸಿಗುವ ಈ ಹಗುರತನ ಬೆಲೆಯುಳ್ಳದ್ದು. ಸೈಕಲ್ ತಗ್ಗಾಗಿರುವುದರಿಂದ ಮಗುವಿನ ಭಾರವೂ ನೆಲಕ್ಕೆ ಹತ್ತಿರವಿರುತ್ತದೆ.

ಚಿಕ್ಕ ಚಕ್ರಕ್ಕೆ ಒಂದು ದೋಷವಿದೆ. ದೊಡ್ಡ ಚಕ್ರ ದಾಟಿಬಿಡುವ ಗುಂಡಿಗೆ ಅದು ಇಳಿದುಬಿಡುತ್ತದೆ. 1962ರಲ್ಲಿ ಇಂಗ್ಲೆಂಡಿನ ಅಲೆಕ್ಸ್ ಮೌಲ್ಟನ್ ದೊಡ್ಡವರಿಗಾಗಿ ಚಿಕ್ಕ ಚಕ್ರದ ಸೈಕಲ್ ತಂದಾಗ ಅದಕ್ಕೆ ಕುಲುಕು ತಡೆಯುವ ಏರ್ಪಾಡನ್ನೂ ಸೇರಿಸಿದ್ದು ಈ ಕಾರಣಕ್ಕೇ. ನಮ್ಮ ಮಣ್ಣು ದಾರಿಗಳಿಗೆ ಅಗಲ ಟೈರು ಅಷ್ಟೇ ಕೆಲಸ ಮಾಡುತ್ತದೆ. ಗಾಳಿ ತುಂಬಿದ ಟೈರಿನ ಕಥೆಯೇ ಒಂದು ಮಗುವಿನಿಂದ ಆರಂಭವಾದದ್ದು. ಬೆಲ್‌ಫಾಸ್ಟ್ ನಗರದ ಪಶುವೈದ್ಯ ಜಾನ್ ಬಾಯ್ಡ್ ಡನ್‌ಲಪ್ ತಮ್ಮ ಚಿಕ್ಕ ಮಗನ ಮೂರು ಚಕ್ರದ ಸೈಕಲ್ ಒರಟು ಹಾದಿಯಲ್ಲಿ ಕುಲುಕುವುದನ್ನು ಕಂಡು ಅದಕ್ಕೆ ಗಾಳಿ ತುಂಬಿದ ರಬ್ಬರು ಕೊಳವೆ ಸುತ್ತಿದರು. 1888ರಲ್ಲಿ ಹಕ್ಕುಪತ್ರ ಪಡೆದರು. ಇಂದು ಲಾರಿ ಬಸ್ಸುಗಳನ್ನು ಹೊತ್ತು ನಡೆಯುವ ಗಾಳಿ ಟೈರಿಗೆ ಅವರು ದಾರಿ ತೆರೆದದ್ದು ಮಗನ ಆಟದ ಗಾಡಿಗೆಂದು.

ಬ್ರೇಕಿನಲ್ಲಿ ರಾಜಿ ಮಾಡಿಕೊಳ್ಳಬಾರದು. ಉಕ್ಕಿನ ರಿಮ್ಮು ಮಳೆಯಲ್ಲಿ ನೆನೆದರೆ ರಬ್ಬರು ಜಾರಿ ಬ್ರೇಕು ತಡವಾಗಿ ಹಿಡಿಯುತ್ತದೆ. ಅಲ್ಯೂಮಿನಿಯಂ ರಿಮ್ಮು ಈ ವಿಷಯದಲ್ಲಿ ಎಷ್ಟೋ ಮೇಲು. ಅಂಗಡಿಯಲ್ಲಿಯೇ ಮುಂದಿನ ಬ್ರೇಕು ಹಿಡಿದು ಸೈಕಲ್ಲನ್ನು ಮುಂದಕ್ಕೆ ತಳ್ಳಿ ನೋಡಿ, ಬಳಿಕ ಹಿಂದಿನದನ್ನು. ಬ್ರೇಕು ಹಿಡಿದಿರುವಾಗ ಆ ಚಕ್ರ ತಿರುಗಬಾರದು. ಒಂಟಿ ಕಾಲಿನ ಸ್ಟ್ಯಾಂಡಿಗಿಂತ ಎರಡು ಕಾಲಿನ ಸ್ಟ್ಯಾಂಡು ಉತ್ತಮ. ಯಾವ ಸ್ಟ್ಯಾಂಡೇ ಇರಲಿ, ಮಗುವನ್ನು ಸೀಟಿನಲ್ಲಿ ಬಿಟ್ಟು ಅಂಗಡಿಯೊಳಗೆ ಹೋಗಬಾರದು. ಮಗುವನ್ನು ಮೊದಲ ಬಾರಿಗೆ ಕೂರಿಸುವ ಮುನ್ನ ಅಷ್ಟೇ ತೂಕದ ರಾಗಿ ಚೀಲವನ್ನು ಕಟ್ಟಿಕೊಂಡು ಎರಡು ದಿನ ಅಭ್ಯಾಸ ಮಾಡಿ. ಹ್ಯಾಂಡಲ್ ಹೇಗೆ ಹಗುರವಾಗುತ್ತದೆ, ತಿರುವಿನಲ್ಲಿ ಭಾರ ಹೇಗೆ ಎಳೆಯುತ್ತದೆ ಎಂಬುದನ್ನು ಚೀಲವೇ ಕಲಿಸುತ್ತದೆ.

ಮಗುವಿನದೇ ಸೈಕಲ್ ಆದರೆ

ಮೂರು ನಾಲ್ಕು ವರ್ಷದ ಮಗು ‘ನನ್ನದೇ ಬೇಕು’ ಎನ್ನುತ್ತದೆ. ಆಗ ವಯಸ್ಸು ಕೇಳಿ ಕೊಡುವ ಸೈಕಲ್ಲಿಗಿಂತ ಕಾಲಿನ ಉದ್ದ ಅಳೆದು ತರುವ ಸೈಕಲ್ ಮೇಲು. 12 ಇಂಚಿನ ಚಕ್ರ ಸಾಮಾನ್ಯವಾಗಿ ಎರಡೂವರೆಯಿಂದ ನಾಲ್ಕು ವರ್ಷಕ್ಕೆ, 16 ಇಂಚಿನದು ನಾಲ್ಕರಿಂದ ಆರಕ್ಕೆ, 20 ಇಂಚಿನದು ಆರು ದಾಟಿದ ಮೇಲೆ ಹೊಂದುತ್ತದೆ. ‘ಬೆಳೆಯುವ ಮಗು, ಒಂದಳತೆ ದೊಡ್ಡದಿರಲಿ’ ಎಂಬ ಲೆಕ್ಕ ಚಡ್ಡಿಗೆ ಸರಿ, ಸೈಕಲ್ಲಿಗೆ ತಪ್ಪು. ಕಾಲು ನೆಲಕ್ಕೆ ಎಟುಕದ, ತಾನೇ ಎತ್ತಿ ನಿಲ್ಲಿಸಲಾರದ ಸೈಕಲ್ ಮಗುವಿಗೆ ಹೊರೆಯಾಗುತ್ತದೆ. ಸ್ಪ್ರಿಂಗು, ಹುಸಿ ಪೆಟ್ರೋಲ್ ಟ್ಯಾಂಕು, ದಪ್ಪ ಮಡ್‌ಗಾರ್ಡು ಇವೆಲ್ಲ ತೂಕವನ್ನೇ ಹೆಚ್ಚಿಸುತ್ತವೆ. ಬ್ರೇಕಿನ ಹಿಡಿಕೆ ಮಗುವಿನ ಬೆರಳಿಗೆ ಎಟುಕುತ್ತದೆಯೇ ಎಂದು ನೋಡುವುದು ಇವೆಲ್ಲಕ್ಕಿಂತ ಮುಖ್ಯ.

ಪಕ್ಕದ ಎರಡು ಪುಟ್ಟ ಚಕ್ರಗಳ ಬಗ್ಗೆಯೂ ಕೇಳುತ್ತಾರೆ. ಅವು ಮಗುವನ್ನು ಬೀಳದಂತೆ ತಡೆಯುತ್ತವೆ, ಆದರೆ ಸಮತೋಲವನ್ನು ಕಲಿಸುವುದಿಲ್ಲ. ಪೆಡಲು ತುಳಿಯುವುದು ಸುಲಭದ ವಿದ್ಯೆ, ಸಮತೋಲವೇ ಕಷ್ಟದ್ದು. 1817ರಲ್ಲಿ ಜರ್ಮನಿಯ ಕಾರ್ಲ್ ಡ್ರೈಸ್ ರೂಪಿಸಿದ ಮೊದಲ ದ್ವಿಚಕ್ರಕ್ಕೆ ಪೆಡಲೇ ಇರಲಿಲ್ಲ. ಸವಾರರು ಕಾಲಿನಿಂದ ನೆಲವನ್ನು ಒದ್ದು ತೇಲುತ್ತಿದ್ದರು. ಎಳೆಯ ಮಕ್ಕಳಿಗೆ ಇಂದಿಗೂ ಅದೇ ಒಳ್ಳೆಯ ಮೊದಲ ಪಾಠ. ಅದಕ್ಕೆ ಬೇರೆ ಸೈಕಲ್ ಕೊಳ್ಳಬೇಕಿಲ್ಲ. ಇರುವ ಪುಟ್ಟ ಸೈಕಲ್ಲಿನ ಪೆಡಲುಗಳನ್ನು ಕಳಚಿ ಸೀಟು ತಗ್ಗಿಸಿದರೆ ಆಯಿತು. ಬಲ ಪೆಡಲನ್ನು ಎಂದಿನಂತೆ ಗಡಿಯಾರದ ವಿರುದ್ಧ ದಿಕ್ಕಿಗೆ ಬಿಚ್ಚಬೇಕು. ಎಡ ಪೆಡಲಿನ ಮರೆ ತಿರುವುಮುರುವಾಗಿರುವುದರಿಂದ ಅದನ್ನು ಗಡಿಯಾರದ ದಿಕ್ಕಿಗೇ ತಿರುಗಿಸಬೇಕು. ಇದನ್ನು ಅರಿಯದೆ ಸ್ಪ್ಯಾನರಿನೊಡನೆ ಗುದ್ದಾಡಿದವರಲ್ಲಿ ನಾವೂ ಇದ್ದೇವೆ. ಸಣ್ಣ ಇಳಿಜಾರಿನಲ್ಲಿ ಎರಡೂ ಕಾಲೆತ್ತಿ ಹತ್ತು ಮಾರು ತೇಲಬಲ್ಲ ಮಗುವಿಗೆ ಪೆಡಲು ಮರಳಿ ಹಾಕಿ. ಆ ಮೇಲಿನದು ಸುಲಭ.

ಎಲ್ಲಿ, ಯಾವಾಗ

ಸೈಕಲ್ ಎಷ್ಟೇ ಒಳ್ಳೆಯದಿರಲಿ, ನಮ್ಮ ಊರಿನಲ್ಲಿ ದಾರಿ ಮತ್ತು ಹೊತ್ತು ಅದಕ್ಕಿಂತ ಮುಖ್ಯ. ಹಾಸನೂರು ಸತ್ಯಮಂಗಲ ಹುಲಿ ಸಂರಕ್ಷಿತ ಪ್ರದೇಶದ ನಡುವೆ ಇದೆ. ಕೊಯಮತ್ತೂರು–ಬೆಂಗಳೂರು ಹೆದ್ದಾರಿ ದಿಂಬಂ ಘಟ್ಟದ 27 ತಿರುವುಗಳನ್ನು ಏರಿ ನಮ್ಮ ಊರನ್ನು ಹಾದು ಹೋಗುತ್ತದೆ. 2022ರ ಫೆಬ್ರವರಿಯಿಂದ ಮದ್ರಾಸ್ ಉಚ್ಚ ನ್ಯಾಯಾಲಯದ ಆದೇಶದಂತೆ ಬಣ್ಣಾರಿಯಿಂದ ಕಾರಪಳ್ಳದವರೆಗೆ ವಾಣಿಜ್ಯ ವಾಹನಗಳಿಗೆ ಸಂಜೆ 6ರಿಂದ ಬೆಳಿಗ್ಗೆ 6ರವರೆಗೆ ಸಂಚಾರ ನಿರ್ಬಂಧ ಬಂದಿತು. ವನ್ಯಜೀವಿಗಳಿಗೆ ಒಳಿತಾದ ಈ ಕ್ರಮದಿಂದ ಇನ್ನೊಂದು ಸಂಗತಿ ಉಂಟಾಗಿದೆ: ತಡೆ ತೆರೆದ ಮೇಲೆ ಕಾದಿದ್ದ ಲಾರಿಗಳು ಸಾಲಾಗಿ ಬರುತ್ತವೆ, ತಡೆ ಬೀಳುವ ಮುನ್ನ ಉಳಿದವು ಅವಸರದಲ್ಲಿ ದಾಟುತ್ತವೆ. ಮುಂಜಾನೆ ಮತ್ತು ಮುಸ್ಸಂಜೆ ಆನೆಗಳ ಓಡಾಟದ ಹೊತ್ತೂ ಹೌದು. ಕಬ್ಬಿನ ಲಾರಿಗಾಗಿ ರಸ್ತೆಯಲ್ಲೇ ಕಾದು ನಿಲ್ಲುವ ಆನೆಗಳನ್ನು ನಮ್ಮ ಮಕ್ಕಳೇ ಕಂಡಿದ್ದಾರೆ.

ಆದ್ದರಿಂದ ಹೆದ್ದಾರಿಯೂ ಘಟ್ಟದ ದಾರಿಯೂ ಕಾಡಂಚಿನ ಹಾದಿಯೂ ಮಗುವಿನೊಡನೆ ಸವಾರಿಗೆ ತಕ್ಕವಲ್ಲ. ಊರೊಳಗಿನ ಬೀದಿ, ಶಾಲೆಯ ಬಯಲು, ದೇವಸ್ಥಾನದ ಮುಂದಿನ ಅಂಗಳ ಸಾಕು. ರಜಾದಿನದ ಹಗಲು ಹೊತ್ತು, ಇಲ್ಲವೇ ಶಾಲೆ ಬಿಟ್ಟೊಡನೆಯ ಅರ್ಧ ಗಂಟೆ. ಐದೂವರೆಯೊಳಗೆ ಮನೆ ಸೇರಬೇಕು. ಮಗುವಿನ ಆಸೆಗೆಂದು ಈ ಗೆರೆ ದಾಟಬೇಡಿ.

ಆಟದ ಕನ್ನಡ

ಕನ್ನಡ ಮಾಧ್ಯಮದ ಶಿಕ್ಷಕರಾದ ನಾವು ಸೈಕಲ್ಲಿನ ಬಗ್ಗೆ ಇಷ್ಟು ಬರೆಯಲು ಕಾರಣವಿದೆ. ನಮ್ಮ ಮಕ್ಕಳಿಗೆ ಪಾಠ ಕನ್ನಡದಲ್ಲಿದೆ. ಅಂಗಡಿ, ಬಸ್ಸು, ಕಚೇರಿ ತಮಿಳಿನಲ್ಲಿವೆ. ಅದನ್ನೂ ಅವರು ಚೆನ್ನಾಗಿ ಕಲಿಯಲಿ, ನಾವು ಬದುಕುವ ನೆಲದ ಭಾಷೆ ಅದು. ಸಂಜೆಯ ಹೊತ್ತು ಮಾತ್ರ ಮೊಬೈಲಿನ ಪಾಲಾಗುತ್ತಿದೆ. ಹೀಗಾದಾಗ ಕನ್ನಡ ಮಗುವಿಗೆ ಪರೀಕ್ಷೆಯ ಭಾಷೆಯಾಗಿ ಮಾತ್ರ ಉಳಿಯುತ್ತದೆ. ಪರೀಕ್ಷೆಯ ಭಾಷೆಯನ್ನು ಬಿಡುವುದು ಸುಲಭ. ಒಂದು ವರ್ಷ ವ್ಯಾನು ಬಾಗಿಲಿಗೆ ಬಂದರೆ ಸಾಕು, ಮಗು ಬೇರೆ ಮಾಧ್ಯಮಕ್ಕೆ ಹೋಗುತ್ತದೆ. ಆಡಿ ನಕ್ಕ ಭಾಷೆ ಅಷ್ಟು ಬೇಗ ಬಿಟ್ಟುಹೋಗುವುದಿಲ್ಲ.

ಮುಂದಿನ ಸೀಟಿನಲ್ಲಿ ಕುಳಿತ ಮಗುವಿನ ಕಿವಿ ತಾಯಿಯ ಬಾಯಿಗೆ ಗೇಣಿನಷ್ಟು ಹತ್ತಿರ. ‘ಅದು ಗೊರವಂಕ’, ‘ಇದು ಹೊಂಗೆ’, ‘ಏರು ಬಂತು, ಗಟ್ಟಿ ಹಿಡಿ’, ‘ಇಳಿಜಾರು, ಬ್ರೇಕು ಮೆಲ್ಲಗೆ’ ಎಂಬ ಮಾತುಗಳು ಯಾವ ಪಠ್ಯದಲ್ಲಿಯೂ ಇಷ್ಟು ಚೆನ್ನಾಗಿ ಕೂರುವುದಿಲ್ಲ. ಒಂದನೆಯ ತರಗತಿಗೆ ಬರುವಾಗಲೇ ‘ಏರು’, ‘ತಗ್ಗು’, ‘ತಿರುವು’, ‘ಓರೆ’, ‘ಬಿಗಿ’, ‘ಸಡಿಲ’ ಎಂಬ ಪದಗಳನ್ನು ಮೈಯಲ್ಲಿ ಅರಿತ ಮಗುವಿಗೆ ಓದು ಎಷ್ಟು ಹಗುರವೆಂಬುದನ್ನು ನಾವು ತರಗತಿಯಲ್ಲಿ ಕಂಡಿದ್ದೇವೆ. ದಾರಿಯಲ್ಲಿ ಕಾಣುವ ತಮಿಳು ಫಲಕವನ್ನು ಮಗು ಓದಿ ಹೇಳಿದರೆ ಮೆಚ್ಚಿ. ಅದರ ಅರ್ಥವನ್ನು ಕನ್ನಡದಲ್ಲಿ ಕೇಳಿ.

ಕೊನೆಗೆ, ಕೊಳ್ಳುವವರಿಗೂ ದುರಸ್ತಿ ಮಾಡಿಸುವವರಿಗೂ ಸಾರಾಂಶ ಇಷ್ಟು: ಅಂಗಳದ ಹಳೆಯ ಸೈಕಲ್ಲನ್ನು ಮೊದಲು ನೋಡಿ. ಅಡ್ಡಪಟ್ಟಿಯಿಲ್ಲದ ತಗ್ಗಿನ ಚೌಕಟ್ಟು, ನೆಲ ಮುಟ್ಟುವ ಎರಡು ಪಾದ, ಅಗಲ ಟೈರು, ಹಿಡಿಯುವ ಬ್ರೇಕು, ಕಡ್ಡಿಗಳಿಗೆ ಜಾಲರಿ, ಮಗುವಿನ ಪಾದಕ್ಕೆ ಆವರಣ, ತಲೆಗೆ ಹೆಲ್ಮೆಟ್ ಇವಿಷ್ಟು ಇದ್ದರೆ ಬೇರೆ ಅಲಂಕಾರ ಬೇಡ. ಬೆಲ್ಲನ್ನು ಮಾತ್ರ ಮಗುವೇ ಆರಿಸಲಿ, ಅದರ ಕೈಗೆ ಎಟುಕುವಲ್ಲಿ ಹಾಕಿಸಿ. ನಮ್ಮ ಮನೆಯ ಸೈಕಲ್ಲಿಗೂ ಹಾಗೆಯೇ ಹಾಕಿಸಿದೆವು. ಗಾಯ ಮಾಯ್ದ ಮೇಲೂ ಹತ್ತಲು ಒಲ್ಲದಿದ್ದ ಮಗು ಮೊದಲು ನಿಂತ ಸೈಕಲ್ಲಿನ ಬೆಲ್ ಬಾರಿಸಿತು, ವಾರದ ನಂತರ ಹತ್ತಿ ಕುಳಿತಿತು.